ಚಿಕ್ಕಮ್ಮ, ಮೊದಲು ಬೇರಿಗೆ ತಂಪು ಮಾಡಿ

ಚಿಕ್ಕಮ್ಮ, ನಿಮ್ಮ ಮೆಸೇಜ್ ನೋಡಿದೆ. ಈ ಬೇಸಿಗೇಲಿ ತಾರಸಿ ಮೇಲಿನ ಕುಂಡಗಳಲ್ಲಿ ಟೊಮೆಟೊ ಹೂವು ಉದುರ್ತಿದೆ, ದಾಸವಾಳದ ಎಲೆ ಹಳದಿ ಆಗ್ತಿದೆ, ದಿನಕ್ಕೆ ಎರಡು ಸಲ ನೀರು ಹಾಕಿದ್ರೂ ಮಧ್ಯಾಹ್ನ ಎಲ್ಲ ಬಾಡುತ್ತೆ ಅಂತ ಕೇಳಿದ್ದೀರಿ. ಚಿಕ್ಕಪ್ಪ ಕೆಳಗಡೆ ‘ಮಧ್ಯಾಹ್ನಾನೂ ಒಂದು ಸಲ ನೀರು ಹಾಕು’ ಅಂತ ಬರೆದಿದ್ದಾರೆ. ಚಿಕ್ಕಪ್ಪ, ಬೇಜಾರು ಮಾಡ್ಕೋಬೇಡಿ, ಅದೊಂದು ಬೇಡ. ಟೈಪ್ ಮಾಡಿದ್ರೆ ಮುಗಿಯಲ್ಲ, ವಾಯ್ಸ್‌ನಲ್ಲೇ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ತಾರಸಿ ಮೇಲೆ ಗಿಡಕ್ಕೆ ಬಿಸಿ ಮೇಲಿಂದ ಮಾತ್ರ ಬರಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಲ್ಲಿ 39.2 ಡಿಗ್ರಿ ಆಗಿತ್ತಲ್ಲ, ಅದು ನೆರಳಲ್ಲಿ ಅಳೆದ ಗಾಳಿಯ ಲೆಕ್ಕ. ಬಿಸಿಲಲ್ಲಿರೋ ಕಾಂಕ್ರೀಟ್ ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತೆ, ರಾತ್ರಿ ಹೊತ್ತೂ ಬಿಸಿ ಬಿಡ್ತಾ ಇರುತ್ತೆ. ನಿಮ್ಮ ಕಪ್ಪು ಪ್ಲಾಸ್ಟಿಕ್ ಕುಂಡ ನೇರವಾಗಿ ಅದರ ಮೇಲೇ ಕೂತಿದೆ. ಬೇರು ಬೆಂದ್ರೆ ಮಣ್ಣು ಒದ್ದೆ ಇದ್ರೂ ನೀರು ಎಳೆಯಲ್ಲ. ಅದಕ್ಕೆ ಮೊದಲ ಕೆಲಸ, ಪ್ರತಿ ಕುಂಡದ ಕೆಳಗೆ ಎರಡು ಇಟ್ಟಿಗೆ ಇಟ್ಟು ಗಾಳಿ ಆಡೋ ಹಾಗೆ ಮಾಡಿ. ಕಪ್ಪು ಕುಂಡಕ್ಕೆ ಸುತ್ತಲೂ ಗೋಣಿಚೀಲ ಸುತ್ತಿ. ಕುಂಡಗಳನ್ನ ದೂರ ದೂರ ಇಡಬೇಡಿ, ಒತ್ತಾಗಿ ಸೇರಿಸಿ, ಚಿಕ್ಕವು ಮಧ್ಯದಲ್ಲಿ, ದೊಡ್ಡವು ಪಶ್ಚಿಮದ ಕಡೆ ಇರಲಿ.

ಆಮೇಲೆ ಮುಚ್ಚಿಗೆ, ಅಂದ್ರೆ ಕುಂಡದ ಮಣ್ಣಿನ ಮೇಲೆ ಒಣ ಎಲೆಯ ಹೊದಿಕೆ. ರಸ್ತೆ ಬದಿ ಹೊಂಗೆ, ಮಳೆಮರದ ಒಣ ಎಲೆ ಗುಡಿಸಿ ಚೀಲದಲ್ಲಿ ಕಟ್ಟಿಟ್ಟಿರ್ತಾರಲ್ಲ, ಕೇಳಿದ್ರೆ ಖುಷಿಯಿಂದ ಕೊಡ್ತಾರೆ. ಅದನ್ನ ಕೈಯಲ್ಲಿ ಪುಡಿ ಮಾಡಿ ಎರಡು ಇಂಚು ದಪ್ಪ ಹರಡಿ. ಕಾಂಡದ ಸುತ್ತ ಒಂದು ಇಂಚು ಬಿಡಿ, ಅಂಟಿಕೊಂಡಿದ್ರೆ ಅಲ್ಲೇ ಕೊಳೆಯೋಕೆ ಶುರು ಆಗುತ್ತೆ. ಶೇಡ್ ನೆಟ್ ತಗೊಳ್ಳೋದಾದ್ರೆ ಹಸಿರಿಂದು, ಅರ್ಧ ಬಿಸಿಲು ತಡೆಯೋ 50 ಪರ್ಸೆಂಟ್ ಅಂತ ಕೇಳಿ. ಅಂಗಡಿಯವರು 75 ಕೊಡೋಕೆ ನೋಡ್ತಾರೆ, ತರಕಾರಿಗೆ ಅದು ಬೇಡ, ಗಿಡ ಸಪೂರ ಬೆಳೆದು ಕಾಯಿ ಬಿಡಲ್ಲ. ಆರೇಳು ಅಡಿ ಎತ್ತರಕ್ಕೆ ಕಟ್ಟಿ, ಪಕ್ಕ ಮುಚ್ಚಬೇಡಿ. ಜೇನು ಬರಬೇಕು, ಬಿಸಿಗಾಳಿ ಹೊರಗೆ ಹೋಗಬೇಕು.

ಈಗ ನೀರು. ಬೆಳಗ್ಗೆ ಏಳರೊಳಗೆ ಒಂದು ಸಲ, 12 ಇಂಚಿನ ಕುಂಡಕ್ಕೆ ಒಂದೂವರೆಯಿಂದ ಎರಡು ಲೀಟರ್, ತಳದ ತೂತಿಂದ ಸ್ವಲ್ಪ ಇಳಿಯೋವರೆಗೆ. ಸಂಜೆ ಬೆರಳು ಎರಡು ಇಂಚು ಇಳಿಸಿ ನೋಡಿ, ಒಣಗಿದ್ರೆ ಮಾತ್ರ ಇನ್ನೊಂದು ಸಲ. ಮಧ್ಯಾಹ್ನ ಬಾಡಿ ಸಂಜೆಗೆ ತಾನೇ ಎದ್ರೆ ಆ ಗಿಡಕ್ಕೆ ಏನೂ ಆಗಿಲ್ಲ. ಬೆಳಗ್ಗೇನೂ ಬಾಡಿದ್ರೆ ಯೋಚನೆ ಮಾಡಬೇಕಾದ್ದು: ಮಣ್ಣು ಒಣಗಿದ್ಯೋ ಇಲ್ಲ ಬೇರು ಕೊಳೆತಿದ್ಯೋ ನೋಡಿ. ನಿಮ್ಮ ಕುಂಡದಲ್ಲಿ ಕೋಕೋಪೀಟ್, ಅಂದ್ರೆ ತೆಂಗಿನ ನಾರಿನ ಪುಡಿ, ಜಾಸ್ತಿ ಇದೆ. ಅದು ಪೂರ್ತಿ ಒಣಗಿದ್ರೆ ನೀರು ಹಿಡಿಯಲ್ಲ, ಹಾಕಿದ್ದು ಪಕ್ಕದಿಂದ ಇಳಿದು ಹೋಗುತ್ತೆ, ಕುಡಿದಿದೆ ಅಂದ್ಕೋತೀವಿ. ಅಂಥ ಕುಂಡಾನ ಬಕೆಟ್ ನೀರಲ್ಲಿ ಅರ್ಧ ಗಂಟೆ ನಿಲ್ಲಿಸಿ.

ಯಾವ ನೀರು ಅನ್ನೋದು ಇನ್ನೂ ಮುಖ್ಯ. ನಿಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಗಡಸು ನೀರನ್ನ ಮೆದು ಮಾಡೋ ಸಾಫ್ಟ್‌ನರ್ ಇದೆಯಲ್ಲ, ಅದು ಉಪ್ಪು ಹಾಕಿ ನಡೆಸೋದು, ಆ ನೀರಲ್ಲಿ ಸೋಡಿಯಂ ಇರುತ್ತೆ, ಕುಂಡದ ಮಣ್ಣು ಗಟ್ಟಿ ಕಟ್ಟುತ್ತೆ. ಆರ್‌ಓ ಫಿಲ್ಟರ್ ಹೊರಗೆ ಬಿಡೋ ವೇಸ್ಟ್ ನೀರೂ ಬೇಡ, ಉಪ್ಪೆಲ್ಲ ಅದರಲ್ಲೇ ಉಳಿದಿರುತ್ತೆ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು ಧಾರಾಳವಾಗಿ ಹಾಕಿ. ಎಸಿಯಿಂದ ತೊಟ್ಟಿಕ್ಕೋ ನೀರಲ್ಲಿ ಲವಣ ಇಲ್ಲ, ಹೂವಿನ ಗಿಡಕ್ಕೆ ಚೆನ್ನ. 2024ರ ಮಾರ್ಚ್‌ನಲ್ಲಿ ಕುಡಿಯೋ ನೀರು ತೋಟಕ್ಕೆ ಬಿಟ್ರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು, ನೆನಪಿದೆಯಲ್ಲ. ಈಗಿನಿಂದಲೇ ಅಡುಗೆಮನೆಯಲ್ಲಿ ಒಂದು ಬಕೆಟ್ ಇಟ್ಕೊಳ್ಳಿ.

ದಾಸವಾಳ: ಕೆಳಗಿನ ಎಲೆ ಹಳದಿಯಾಗಿ ಉದುರಿ ಮಣ್ಣು ಯಾವಾಗಲೂ ಒದ್ದೆ ಇದ್ರೆ ನೀರು ಜಾಸ್ತಿ ಆಗಿದೆ ಅಂತ. ಚಿಗುರೆಲೆ ಹಳದಿ, ನರ ಮಾತ್ರ ಹಸಿರು ಅಂದ್ರೆ ಕಬ್ಬಿಣಾಂಶ ಸಿಗ್ತಿಲ್ಲ. ಗಡಸು ಬೋರ್ ನೀರಿಗೆ ಇದು ಮಾಮೂಲು. ಕುಂಡದ ಅಂಚಲ್ಲಿ ಬಿಳಿ ಪೊರೆ ಕಟ್ಟಿದ್ದು ಫೋಟೋದಲ್ಲಿ ಕಾಣ್ತಿದೆ, ಆದ್ದರಿಂದ ನಿಮ್ಮದು ಎರಡನೇದೇ ಇರಬೇಕು. ಮೇಲಿನ ಒಂದು ಇಂಚು ಮಣ್ಣು ಕೆರೆದು ತೆಗೆದು ಎರೆಗೊಬ್ಬರ ತುಂಬಿ.

ಟೊಮೆಟೊ ಬಗ್ಗೆ ನೇರವಾಗಿ ಹೇಳ್ತೀನಿ. ಹಗಲು 35 ದಾಟಿ ರಾತ್ರೀನೂ ತಣ್ಣಗಾಗದಿದ್ರೆ ಪರಾಗ ಕೆಲಸ ಮಾಡಲ್ಲ, ಹೂವು ಉದುರುತ್ತೆ. ಯಾವ ಟಾನಿಕ್ಕೂ ಅದನ್ನ ನಿಲ್ಲಿಸಲ್ಲ. ಮಧ್ಯಾಹ್ನದ ನೆರಳು ಕೊಡಿ, ಬೆಳಗ್ಗೆ ಹತ್ತರ ಹೊತ್ತಿಗೆ ಗೊಂಚಲನ್ನ ಬೆರಳಲ್ಲಿ ಮೆಲ್ಲಗೆ ತಟ್ಟಿ, ಯೂರಿಯಾ, ಹಸಿ ಹಿಂಡಿ ಹತ್ತಿರ ಹೋಗಬೇಡಿ. ಕಾಯಿಯ ತಳ ಕಪ್ಪಾದ್ರೆ ಎಲ್ಲರೂ ಮೊಟ್ಟೆ ಚಿಪ್ಪು ಹಾಕಿ ಅಂತಾರೆ. ಸಾಮಾನ್ಯವಾಗಿ ಅದು ಒಂದು ದಿನ ನೀರು ಸುರಿದು ಎರಡು ದಿನ ಒಣಗಿಸಿದ್ದರ ಫಲ. ಹೊಸದಾಗಿ ಹಾಕೋದಾದ್ರೆ ಬೆಂಡೆ, ಅಲಸಂದೆ, ದಂಟು, ಬಸಳೆ ಹಾಕಿ. ಬೆಂಡೆಗೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ತಳಿ ಸಾಕು. ಕೊತ್ತಂಬರಿ, ಪಾಲಕ್ ಹೂವಿಗೆ ಹೋಗ್ಬಿಡುತ್ತೆ, ಜೂನ್‌ಗೆ ಬಿಡಿ. ಹೀರೆ, ಸೋರೆಗೆ ಬರೀ ಗಂಡು ಹೂವು ಬರ್ತಿದ್ರೆ ಸೆಖೆಗೆ ಹಾಗಾಗುತ್ತೆ, ಕೀಳಬೇಡಿ. ಹೆಣ್ಣು ಹೂವು ಬಂದಾಗ ಸಂಜೆ ಹೊತ್ತು ಕೈಯಲ್ಲಿ ಪರಾಗ ಮುಟ್ಟಿಸಿ, ಅವೆರಡೂ ಅರಳೋದೇ ಸಂಜೆ. ಸೌತೆಗಾದ್ರೆ ಬೆಳಗ್ಗೆ.

ಮಲ್ಲಿಗೇನ ನೆಟ್ ಕೆಳಗೆ ಯಾಕೆ ಇಟ್ಟಿದ್ದೀರಿ? ಅದಕ್ಕೆ ಇದೇ ಕಾಲ, ಐದಾರು ಗಂಟೆ ಬಿಸಿಲು ಬೇಕೇ ಬೇಕು. ಒಂದು ಸುತ್ತು ಹೂ ಮುಗಿದ ಮೇಲೆ ತುದಿ ಎರಡು ಇಂಚು ಕತ್ತರಿಸಿ, ಹೊಸ ಚಿಗುರಲ್ಲೇ ಮೊಗ್ಗು ಬರೋದು. ನೆಟ್ ಕೆಳಗಿನ ಜಾಗ ಕನಕಾಂಬರಕ್ಕೆ ಕೊಡಿ. ಗುಲಾಬಿಗೆ ಈಗ ಕತ್ತರಿ ಹಾಕಬೇಡಿ, ಒಣಗಿದ ಹೂವು ತೆಗೆದ್ರೆ ಸಾಕು.

ಮೆಣಸಿನ ಗಿಡ ಮುರುಟಿಕೊಂಡಿದೆ ಅಂದಿದ್ರಿ. ಎಲೆ ಮೇಲಕ್ಕೆ ದೋಣಿ ಥರ ಮಡಿಸಿದ್ರೆ ಥ್ರಿಪ್ಸ್ ಅನ್ನೋ ರಸ ಹೀರೋ ಸಣ್ಣ ಹುಳ, ಕೆಳಕ್ಕೆ ಮಡಿಸಿದ್ರೆ ನುಸಿ. ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಎರಡು ಎಂಎಲ್ ಸೋಪು ದ್ರಾವಣ. ಮೊದಲು ಸೋಪನ್ನ ಎಣ್ಣೆಗೆ ಕಲಸಿ, ಆಮೇಲೆ ನೀರು. ಸೂರ್ಯ ಇಳಿದ ಮೇಲೆ ಎಲೆ ಹಿಂಭಾಗಕ್ಕೆ ಹೊಡೀಬೇಕು, ಬಿಸಿಲಲ್ಲಿ ಹೊಡೆದ್ರೆ ಎಲೆ ಸುಡುತ್ತೆ. ವಾರಕ್ಕೊಂದು ಸಲ, ಮೂರು ವಾರ. ಥ್ರಿಪ್ಸೋ ನುಸಿಯೋ ಖಚಿತ ಆಗಬೇಕು, ಎಲೆಯ ಹಿಂಭಾಗದ ಫೋಟೋ ಹತ್ತಿರದಿಂದ ತೆಗೆದು ಗ್ರೂಪಿಗೆ ಹಾಕಿ.