ಈ ಸಲ ಪಾಲಕರ ಸಭೆ ಮಗನ ನಡಸ್ತಾನಂತ, ನಾವೇನ್ ಮಾಡಬೇಕ್ರಿ?

ಪ್ರಶ್ನೆ (ಜಮಖಂಡಿಯಿಂದ ಒಬ್ಬ ತಾಯಿ):
ನಮಸ್ಕಾರ್ರಿ ಅಕ್ಕೋರ. ನನ್ನ ಮಗ ಏಳನೇ ಕ್ಲಾಸ್. ಇಷ್ಟ ದಿನ ಪಾಲಕರ ಸಭೆ ಅಂದ್ರ ಸರ್ ಮಾತಾಡೋರು, ನಾವು ಕೇಳಿ, ಸಹಿ ಹಾಕಿ ಬರೋರು. ಈ ಸಲ ಡೈರ್‍ಯಾಗ ಬರದ ಕಳಿಸ್ಯಾರ, ಸಭೆ ಮಕ್ಕಳ ನಡಸ್ತಾರಂತ, ಒಬ್ಬೊಬ್ಬರಿಗೆ ಇಪ್ಪತ್ತ ನಿಮಿಷಂತ. ನಮ್ಮ ಹುಡುಗ "ಇವತ್ತ ಏನ್ ಕಲಿಸಿದ್ರೋ" ಅಂದ್ರ "ಏನಿಲ್ಲ" ಅಂತಾನ, ಅದರ ಮುಂದ ಮಾತಿಲ್ಲ. ಇಪ್ಪತ್ತ ನಿಮಿಷ ಏನ್ ಮಾತಾಡ್ಯಾನ್ರಿ? ನಾನ ಒಂದ್ ಭಾಷಣ ಬರದ ಬಾಯಿಪಾಠ ಮಾಡಸ್ಲೇನು?

ಉತ್ತರ:
ಭಾಷಣ ಮಾತ್ರ ಬರೆದು ಕೊಡಬೇಡ್ರಿ ತಾಯಿ. ಬಾಯಿಪಾಠ ಮಾಡಿದ ಹುಡುಗ ನಡುವೆ ಒಂದು ಸಾಲು ಮರೆತರೆ ಅಲ್ಲಿಗೇ ನಿಂತುಬಿಡುತ್ತಾನೆ.

ಅಲ್ಲಿ ಏನು ನಡೆಯುತ್ತದೆ ಅಂತ ಮೊದಲು ಹೇಳುತ್ತೇನೆ. ನಿಮ್ಮ ಮಗ ತನ್ನ ಕೆಲಸಗಳ ಫೈಲು, ಅಂದರೆ ಶಾಲೆಯವರು ಕೃತಿ ಸಂಪುಟ ಅನ್ನುವುದನ್ನು, ನಿಮ್ಮ ಮುಂದೆ ಬಿಚ್ಚುತ್ತಾನೆ. ಅದರಲ್ಲಿ ಚೆನ್ನಾಗಿ ಬಂದದ್ದು ಒಂದು, ಕೆಟ್ಟದ್ದು ಒಂದು ತೋರಿಸಿ, ಎಲ್ಲಿ ಗಟ್ಟಿ, ಎಲ್ಲಿ ತಡವರಿಸುತ್ತೇನೆ, ಮುಂದಿನ ಪರೀಕ್ಷೆಯೊಳಗೆ ಏನು ಮಾಡುತ್ತೇನೆ ಅಂತ ಹೇಳುತ್ತಾನೆ. ಶಿಕ್ಷಕರು ಪಕ್ಕದಲ್ಲಿರುತ್ತಾರೆ, ಬೇಕಾದಾಗಷ್ಟೇ ಬಾಯಿ ಹಾಕುತ್ತಾರೆ. ಒಂದೇ ಕೋಣೆಯಲ್ಲಿ ನಾಲ್ಕೈದು ಮನೆಯವರನ್ನು ಬೇರೆ ಬೇರೆ ಬೆಂಚಿಗೆ ಕೂರಿಸುವುದೂ ಉಂಟು. ಗದ್ದಲ ಅನಿಸಿದರೆ ಗಾಬರಿಯಾಗಬೇಡ್ರಿ.

ಮನೆಯಲ್ಲಿ ಮಾಡಬೇಕಾದ ತಯಾರಿ ಅಂದರೆ ಪ್ರಶ್ನೆ ಬದಲಿಸುವುದು. "ಏನ್ ಕಲಿಸಿದ್ರು" ಅನ್ನುವುದಕ್ಕೆ ಯಾವ ಹುಡುಗನೂ ಉತ್ತರ ಕೊಡುವುದಿಲ್ಲ. ಅದರ ಬದಲು ಒಂದು ನೋಟ್‌ಬುಕ್ ತರಿಸ್ರಿ. "ಇದರಾಗ ಕೆಂಪ್ ಪೆನ್ ಭಾಳ ಬಿದ್ದಿದ್ ಹಾಳಿ ಯಾವ್ದು, ತೋರಸು. ಇಲ್ಲೇನಾಗಿತ್ತು?" ಅನ್ರಿ. ನೀವು ರೊಟ್ಟಿ ಬಡಿಯುತ್ತಿರುವಾಗ ಪಕ್ಕದಲ್ಲಿ ಕುಳಿತು ಹೇಳಿದರೆ ಇನ್ನೂ ಒಳ್ಳೆಯದು. ಈ ವಯಸ್ಸಿನ ಹುಡುಗರು ಎದುರಿಗೆ ಕೂರಿಸಿ ಮುಖ ನೋಡಿದರೆ ಬಾಯಿ ಮುಚ್ಚುತ್ತಾರೆ, ನಮ್ಮ ಕಣ್ಣು ಬೇರೆ ಕಡೆ ಇದ್ದರೆ ಬಿಚ್ಚುತ್ತಾರೆ. ಸಭೆಗೆ ಎರಡು ದಿನ ಮೊದಲು ಅಜ್ಜಿಗೋ ತಂಗಿಗೋ ಒಮ್ಮೆ ಎಲ್ಲ ತೋರಿಸಲಿ. ನಡುವೆ ತಿದ್ದಬೇಡ್ರಿ.

ಸಭೆ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಮೇಡಂ ಹುಡುಗನನ್ನು ಕೇಳುತ್ತಾರೆ, ಅವ್ವ ಉತ್ತರ ಕೊಡುತ್ತಾಳೆ. ಅವನು ಸುಮ್ಮನಾದರೆ ಮನಸ್ಸಿನೊಳಗೆ ಹತ್ತರ ತನಕ ಎಣಿಸ್ರಿ. ಅಷ್ಟರಲ್ಲಿ ಬಹಳ ಸಲ ಮಾತು ಬರುತ್ತದೆ. ಬರಲಿಲ್ಲವೆಂದರೆ "ಇದನ್ನ ಮಾಡೂವಾಗ ಎಲ್ಲಿ ಸಿಕ್ಕೊಂಡಿದ್ದಿ?" ಅಂತಲೋ, "ಇದನ್ನ ಯಾಕ ಆರಿಸಿದಿ?" ಅಂತಲೋ ಕೇಳ್ರಿ. "ಯಾಕ ಕಡಿಮಿ ಬಂತು?" ಅನ್ನುವುದು ಪೊಲೀಸರ ಪ್ರಶ್ನೆ, ಅದು ಬೇಡ.

ಪ್ರಗತಿ ಪತ್ರದಲ್ಲಿ ಅಕ್ಷರ ನೋಡಿ ನಿರ್ಣಯ ಮಾಡಬೇಡ್ರಿ. ನಮ್ಮ ರಾಜ್ಯದ ಶ್ರೇಣಿಯಲ್ಲಿ ಬಿ ಪ್ಲಸ್ ಅಂದರೆ 50ರಿಂದ 69. 51 ತೆಗೆದವನೂ ಬಿ ಪ್ಲಸ್, 69 ತೆಗೆದವನೂ ಬಿ ಪ್ಲಸ್. ಆ ಇಬ್ಬರ ನಡುವಿನ ಅಂತರ ಏನು ಅನ್ನುವುದು ಅಕ್ಷರದಿಂದ ತಿಳಿಯುವುದಿಲ್ಲ, ಮಗ ಬಿಚ್ಚಿ ತೋರಿಸುವ ಹಾಳೆಯಿಂದ ತಿಳಿಯುತ್ತದೆ.

ಪ್ರಶ್ನೆ (ಮುಧೋಳದ ಪಾಲಕರು):
ಸಿಟ್ಟಾಗಬ್ಯಾಡ್ರಿ ಮೇಡಂ. ಪಗಾರ ತೊಗೊಳ್ಳೋರು ಮಾಸ್ತರು, ಮಾತಾಡೋರು ಹುಡುಗ್ರು, ಇದ್ಯಾವ ನ್ಯಾಯ? ನನಗ ಮಾಸ್ತರ ಬಾಯಿಂದ ಕೇಳಬೇಕೈತಿ, ನಮ್ಮ ಹುಡುಗ ಹೆಂಗದಾನ ಅಂತ. ಅಂವ ತಂದ ತಾ ಹೇಳಿದ್ರ ಬರೇ ಛಲೋದ್ದ ಹೇಳ್ತಾನ.

ಉತ್ತರ:
ಸಿಟ್ಟೇಕ್ರಿ, ಕೇಳುವ ಹಕ್ಕು ನಿಮ್ಮದು. ಅದು ಕಾಯ್ದೆಯಲ್ಲೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮು ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತದೆ. ಪಾಲಕರ ಜೊತೆ ನಿಯಮಿತವಾಗಿ ಸಭೆ ನಡೆಸಬೇಕು, ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿ ತಿಳಿಸಬೇಕು ಅನ್ನುವುದು ಅದರಲ್ಲಿ ಒಂದು. ಮಗ ಸಭೆ ನಡೆಸಿದ ಅಂತ ಆ ಕರ್ತವ್ಯ ತಪ್ಪುವುದಿಲ್ಲ. ನಿಮ್ಮ ಶಾಲೆಗೆ "ಸರ್, ಬ್ಯಾರೆ ಹತ್ತ ನಿಮಿಷ ಬೇಕ್ರಿ" ಅಂತ ಬರೆದು ಕೇಳ್ರಿ. ಜಗಳ, ಗೆಳೆಯರ ಸಹವಾಸ, ಫೀ, ಆರೋಗ್ಯ ಇವನ್ನೆಲ್ಲ ಆ ಹತ್ತು ನಿಮಿಷಕ್ಕೆ ಇಟ್ಟುಕೊಳ್ಳ್ರಿ. ಮಗ ಫೈಲು ಹಿಡಿದು ಕುಳಿತಾಗ ಎತ್ತಬೇಡ್ರಿ.

ಇನ್ನು ಬರೇ ಒಳ್ಳೆಯದೇ ಹೇಳುತ್ತಾನೆ ಅನ್ನುವ ಮಾತು. ಆರು, ಏಳು, ಎಂಟನೇ ತರಗತಿಯ ಮಕ್ಕಳು ತಮ್ಮ ಬಗ್ಗೆ ನಾವು ಅನ್ನುವುದಕ್ಕಿಂತ ಕಟುವಾಗಿ ಹೇಳಿಕೊಳ್ಳುವುದನ್ನೇ ನಾನು ಹೆಚ್ಚು ನೋಡಿದ್ದೇನೆ. ಹೊಗಳಿಕೊಳ್ಳುವವರು ಕಡಿಮೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದ ಪ್ರಗತಿ ಪತ್ರದಲ್ಲಿಯೂ ಶಿಕ್ಷಕರ ಮೌಲ್ಯಮಾಪನದ ಜೊತೆ ಮಗು ತನ್ನನ್ನು ತಾನೇ ಅಳೆದುಕೊಳ್ಳುವುದು, ಜೊತೆಗಾರರು ಅಳೆಯುವುದು ಸೇರಿದೆ. ನಮ್ಮ ರಾಜ್ಯ ಸರ್ಕಾರ ಆ ನೀತಿ ಬೇಡ ಅಂದಿತು, ಆ ರಾಜಕೀಯ ಬೇರೆ. ಮಗು ತನ್ನ ಲೆಕ್ಕ ತಾನು ಹೇಳಲಿ ಅನ್ನುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಪ್ರಶ್ನೆ (ಬನಹಟ್ಟಿಯಿಂದ):
ನಮ್ಮದ ಮಗ್ಗದ ಕೆಲಸ ಅಕ್ಕೋರ. ನನಗ ಸಹಿ ಹಾಕಾಕ ಅಷ್ಟ ಬರತೈತಿ, ನನ್ನ ಹೇಣ್ತಿ ಕಂಡಿಕಿ ಸುತ್ತತಾಳ, ಅಕಿಗೂ ಓದಾಕ ಬರಂಗಿಲ್ಲ. ಮಗಳು ಆರನೇ ಕ್ಲಾಸ್. ಹೋದ್ರ ಅರ್ಧ ದಿನದ ಕೂಲಿ ಹೋಗತೈತಿ. ನಮಗ ತಿಳೀಲಾರದ್ದಕ್ಕ ಹೋಗಿ ಏನ್ ಮಾಡೋದ್ರಿ, ಅಕಿಗೂ ನಾಚಿಕಿ ಆಗಬಾರ್ದು.

ಉತ್ತರ:
ಅಣ್ಣಾರ, ನೀವು ಹೋಗಲೇಬೇಕು. ಈ ಸಭೆ ನಿಮ್ಮಂಥವರಿಗೇ ಹೆಚ್ಚು ಹೊಂದುತ್ತದೆ. ಹಳೆಯ ಸಭೆಯಲ್ಲಿ ಕಾಗದ ಓದಬೇಕಿತ್ತು, ಇಲ್ಲಿ ಮಗಳು ಬಾಯಿಂದ ಹೇಳುತ್ತಾಳೆ. ನಿಮಗೆ ತಿಳಿಯದು ಅಂತಾದರೆ ಅವಳು ಇನ್ನೂ ಬಿಡಿಸಿ ಹೇಳಬೇಕಾಗುತ್ತದೆ, ಹಾಗೆ ಬಿಡಿಸಿ ಹೇಳುವಾಗಲೇ ಅವಳಿಗೆ ಪಾಠ ಗಟ್ಟಿಯಾಗುತ್ತದೆ. ಓದಿದ ಅಪ್ಪಂದಿರು "ಹಾಂ ಹಾಂ ಗೊತ್ತೈತಿ, ಮುಂದಕ್ಕ ಹೋಗು" ಅಂದುಬಿಡುತ್ತಾರೆ, ಆ ಮಕ್ಕಳಿಗೆ ಹೇಳುವ ಅವಕಾಶವೇ ಸಿಗುವುದಿಲ್ಲ.

ಒಂದು ಕೆಲಸ ಮಾಡ್ರಿ. ಮಗ್ಗದ ಮೇಲೆ ಉದ್ದ ಅಗಲ ಲೆಕ್ಕ ಹಾಕುವವರು ನೀವು. ಅವಳ ಗಣಿತದಲ್ಲಿ ಸುತ್ತಳತೆ, ವಿಸ್ತೀರ್ಣ ಬಂದರೆ "ನಮ್ಮ ಸೀರಿಗೆ ಇದನ್ನ ಹೆಂಗ ಹಾಕ್ತಿ?" ಅಂತ ಕೇಳ್ರಿ. ನಾಚಿಕೆ ಎಲ್ಲಿ ಹೋಯಿತು ನೋಡ್ರಿ.

ಕೂಲಿಯ ಮಾತು ನಿಜವಾದ ಮಾತು. ದಿನ ಗೊತ್ತಾದ ಕೂಡಲೇ ಮಗಳ ಕೈಲಿ ಹೇಳಿ ಕಳಿಸ್ರಿ, ಶನಿವಾರದ ಮುಂಜಾನೆ ಶಾಲೆ ಬಿಟ್ಟ ಮೇಲೋ ಸಂಜೆಗೋ ಸಮಯ ಕೊಡ್ರಿ ಅಂತ. ಇಬ್ಬರೂ ಬರಲಾಗದಿದ್ದರೆ ಒಬ್ಬರು ಸಾಕು.

ಪ್ರಶ್ನೆ (ಬಾದಾಮಿ ಕಡೆಯಿಂದ):
ಅಪ್ಪ ಅವ್ವ ಗೋವಾಕ್ಕ ದುಡಿಯಾಕ ಹೋಗ್ಯಾರ, ನಾನು ಆಯಿ. ನಾ ಹೋದ್ರ ನಡೀತೈತೇನು?

ಉತ್ತರ:
ನಡೆಯುತ್ತದೆ ಆಯಿ. ದಿನಾ ಅನ್ನ ಹಾಕಿ ನೋಡಿಕೊಳ್ಳುವವರು ನೀವು. ಅಪ್ಪ ಅವ್ವಗೆ ಆ ಹೊತ್ತಿಗೆ ಫೋನ್ ಹಚ್ಚಿ ಮುಖ ತೋರಿಸಲು ಆಗುತ್ತದೇನು ಅಂತ ಶಿಕ್ಷಕರನ್ನು ಕೇಳ್ರಿ. ಆಗದಿದ್ದರೆ ರಾತ್ರಿ ಮಗು ಅದೇ ಫೈಲು ಹಿಡಿದು ಅವರಿಗೆ ಹೇಳಲಿ.

ಪ್ರಶ್ನೆ (ಇಳಕಲ್ಲಿನ ತಾಯಿ):
ಮಗಳು ಎಂಟನೇ ಕ್ಲಾಸ್. ಗಣಿತದಾಗ ಸಿ ಬಂದೈತಿ, ನನಗ ಅಷ್ಟ ಹೇಳ್ಯಾಳ, ಅವರಪ್ಪಗ ಗೊತ್ತಿಲ್ಲ. ಅಲ್ಲಿ ಎಲ್ಲಾರ ಮುಂದ ಬೈದ್ರ ಹೆಂಗ? ಮೈದುನನ ಮಗನ ಜೋಡಿ ಹೋಲಸೋದು ಅವರ ಚಟ.

ಉತ್ತರ:
ಸಿ ಅಂದರೆ 30ಕ್ಕಿಂತ ಕಡಿಮೆ, ಸಣ್ಣ ಮಾತಲ್ಲ. ಆದರೆ ಅದನ್ನು ನಿಮ್ಮ ಯಜಮಾನರು ಮೊದಲ ಸಲ ಆ ಬೆಂಚಿನ ಮೇಲೆ ಕೇಳಬಾರದು. ಸಭೆಗೆ ಮೊದಲೇ ಮನೆಯಲ್ಲಿ ಹೇಳಿಸ್ರಿ, ಮಗಳ ಬಾಯಿಂದಲೇ, ನೀವು ಪಕ್ಕದಲ್ಲಿ ಕುಳಿತು. ಬೈಯುವುದಿದ್ದರೆ ಅಲ್ಲೇ ಮುಗಿದುಹೋಗಲಿ. ಅವರಿಗೆ ನೀವು ಬೇರೆಯಾಗಿ ಒಂದು ಮಾತು ಹೇಳ್ರಿ: ಸಭೆಯಲ್ಲಿ ಮೊದಲ ವಾಕ್ಯ "ಹೇಳಿದ್ದು ಛಲೋ ಆತು" ಅಂತಿರಲಿ. ಮೈದುನನ ಮಗನ ಹೆಸರು ಆ ಇಪ್ಪತ್ತು ನಿಮಿಷ ಬರಬಾರದು. ಒಮ್ಮೆ ಅಲ್ಲಿ ಅವಮಾನ ಆದರೆ ಮುಂದಿನ ಸಲ ಅವಳು ನಿಮಗೂ ಹೇಳುವುದಿಲ್ಲ.

ಗುರಿ ಇಟ್ಟುಕೊಳ್ಳುವಾಗ "ಮುಂದ 80 ತಗೀತೀನಿ" ಅಂದರೆ ಒಪ್ಪಬೇಡ್ರಿ. ಅದು ಸಭೆ ಮುಗಿಸುವ ಉಪಾಯ. "80 ಇರಲಿ, ನಾಳೆ ಏನ್ ಮಾಡ್ತಿ?" ಅಂತ ಕೇಳ್ರಿ. ಬೀಜೋಕ್ತಿಯಲ್ಲಿ ಚಿಹ್ನೆ ತಪ್ಪುತ್ತಿದ್ದರೆ ದಿನಾ ಎರಡು ಲೆಕ್ಕ, ತಪ್ಪಿದರೆ ಯಾರನ್ನು ಕೇಳಬೇಕು, ಯಾವ ದಿನ ಶಿಕ್ಷಕರಿಗೆ ತೋರಿಸಬೇಕು, ಇಷ್ಟು ಬರೆದರೆ ಅದು ಗುರಿ. ಅದರ ಕೆಳಗೆ ನಿಮ್ಮ ಪಾಲಿಗೂ ಒಂದು ಸಾಲು ಬರೆಸ್ರಿ: ಸಂಜೆ ಏಳರಿಂದ ಎಂಟು ಟಿವಿ ಹಚ್ಚುವುದಿಲ್ಲ, ಆ ಹೊತ್ತಿಗೆ ಅಂಗಡಿಗೆ ಓಡಿಸುವುದಿಲ್ಲ. ಅಪ್ಪನ ಕೈಯಿಂದಲೇ ಬರೆಸಿದರೆ ಬಹಳ ಚಲೋ.

ಪ್ರಶ್ನೆ (ಜಮಖಂಡಿ ತಾಯಿ ಮತ್ತ):
ಅಕ್ಕೋರ, ಇನ್ನೊಂದು. ಸಣ್ಣ ಮಗಳನ್ನ ಕರಕೊಂಡ ಹೋಗ್ಲೇನು? ಮತ್ತ ಸಭೆ ಮುಗದ ಮ್ಯಾಲ ಏನ್ ಹೇಳ್ಬೇಕು ಅಂವಗ?

ಉತ್ತರ:
ಸಣ್ಣವಳನ್ನು ಆದಷ್ಟು ಬಿಟ್ಟು ಹೋಗ್ರಿ, ಆ ಹೊತ್ತು ಮಗನದೊಬ್ಬನದೇ ಇರಲಿ. ಫೋನು ಸೈಲೆಂಟ್ ಮಾಡ್ರಿ. ಮುಗಿದ ಮೇಲೆ ಭಾಷಣ ಬೇಡ, "ಆ ನಕಾಶೆ ಬಿಡಿಸಿದ್ದು ನನಗ ತಿಳೀತು" ಅಂಥ ಒಂದು ನಿರ್ದಿಷ್ಟ ಮಾತು ಸಾಕು. ವಾರ ಬಿಟ್ಟು ಆ ಗುರಿ ಬರೆದ ಹಾಳೆ ತರಿಸಿ ನೋಡ್ರಿ. ಶಾಲೆಯವರು ಸಹಿಗೆ ಕಾಗದ ಕೊಟ್ಟರೆ ಮಗನ ಕೈಲಿ ಪೂರ್ತಿ ಓದಿಸಿ ಆಮೇಲೆ ಸಹಿ ಹಾಕ್ರಿ.