ಪ್ರೊಪೊಫಾಲ್ ಮೈಯಲ್ಲೇ ಇರುತ್ತೆ, ಮತ್ತೆ ಎಚ್ಚರ ಹೇಗಾಗುತ್ತೆ?

ಓಟಿ ಸ್ಟೂಡೆಂಟ್:
ಎಲ್ರಿಗೂ ನಮಸ್ಕಾರ. ಆಪರೇಷನ್‌ಗೆ ಪ್ರಜ್ಞೆ ತಪ್ಪಿಸೋ ಇಂಜೆಕ್ಷನ್ ಪ್ರೊಪೊಫಾಲ್ ಒಂದು ಡೋಸ್ ಕೊಟ್ರೆ 5-10 ನಿಮಿಷದಲ್ಲಿ ಪೇಷೆಂಟ್ ಏಳ್ತಾರೆ ಅಂತ ಓದಿದೀನಿ, ಆದ್ರೆ ಔಷಧಿ ಪೂರ್ತಿ ಹೋಗೋಕೆ ಗಂಟೆಗಟ್ಲೆ ಬೇಕಂತೆ. ಇದು ಹೇಗೆ? ಮತ್ತೆ ಬಿಪಿ ಕಮ್ಮಿ ಇರೋರಿಗೆ ಅದರ ಬದ್ಲು ಕೆಟಮಿನ್ ಅನ್ನೋ ಅರಿವಳಿಕೆ ಔಷಧಿ ಯಾಕೆ?

ಅರಿವಳಿಕೆ ಡಾಕ್ಟರ್:
ಔಷಧಿ ಹೋಗಿರಲ್ಲಪ್ಪ, ಜಾಗ ಬದಲಾಯಿಸಿರುತ್ತೆ. ಮೆದುಳಿಗೆ ರಕ್ತ ಜಾಸ್ತಿ ಹರಿಯೋದ್ರಿಂದ ಮೊದ್ಲು ಅಲ್ಲಿಗೇ ನುಗ್ಗುತ್ತೆ, ಅರ್ಧ-ಮುಕ್ಕಾಲು ನಿಮಿಷದಲ್ಲಿ ಕಣ್ಣು ಮುಚ್ತಾರೆ, ಆಮೇಲೆ ಮಾಂಸಖಂಡ ಕೊಬ್ಬು ಅಂತ ಹಂಚ್ಕೊಂಡು ಹೋಗುತ್ತೆ, ಮೆದುಳಲ್ಲಿ ಮಟ್ಟ ಇಳೀತಿದ್ದಂಗೆ ಎಚ್ಚರ. 1934ರಿಂದ ಬಳಕೆಗೆ ಬಂದ ಹಳೇ ಅರಿವಳಿಕೆ ಔಷಧಿ ಥಯೋಪೆಂಟಾಲೂ ಹೀಗೇ, ಆದ್ರೆ ಲಿವರ್ ಅದನ್ನ ನಿಧಾನಕ್ಕೆ ಒಡೆಯುತ್ತೆ, ಮತ್ತೆ ಮತ್ತೆ ಕೊಟ್ರೆ ಕೊಬ್ಬಲ್ಲಿ ತುಂಬ್ಕೊಂಡು ತುಂಬಾ ಹೊತ್ತು ಮಂಪರು. ಪ್ರೊಪೊಫಾಲ್ ಬೇಗ ಒಡೆಯೋದ್ರಿಂದ ಸಿರಿಂಜಿಂದ ನಿಧಾನಕ್ಕೆ ಔಷಧಿ ತಳ್ಳೋ ಪಂಪಲ್ಲಿ ಗಂಟೆಗಟ್ಲೆ ಓಡಿಸ್ಬೋದು. ದೊಡ್ಡವರಿಗೆ ಶುರುಗೆ ಕೆಜಿಗೆ 1.5-2.5 ಮಿಗ್ರಾಂ, ಆಮೇಲೆ ಗಂಟೆಗೆ ಕೆಜಿಗೆ 4-12 ಮಿಗ್ರಾಂ, ವಯಸ್ಸಾದೋರಿಗೆ ಇನ್ನೂ ಕಮ್ಮಿ. ಇದು ನೋವು ತಡೆಯಲ್ಲ, ಅದಕ್ಕೆ ಫೆಂಟನಿಲ್ ತರದ್ದು ಬೇರೆ ಬೇಕು.

ಐಸಿಯು ಸಿಸ್ಟರ್:
ಕೆಟಮಿನ್ ಬಗ್ಗೆ ನಾನು ಹೇಳ್ತೀನಿ. ಪ್ರೊಪೊಫಾಲ್ ರಕ್ತನಾಳ ಸಡಿಲ ಮಾಡಿ ಬಿಪಿ ಇಳಿಸುತ್ತೆ, ಉಸಿರೂ ನಿಲ್ಲಿಸ್ಬೋದು. ಕೆಟಮಿನ್ ಎನ್‌ಎಂಡಿಎ ರಿಸೆಪ್ಟರ್ (ನರಕೋಶಗಳ ಮೇಲೆ ಸಂದೇಶ ಹಿಡಿಯೋ ಜಾಗ) ತಡೆಯೋದು, ಜೊತೆಗೆ ಬಿಪಿ, ಪಲ್ಸ್ ಏರಿಸುತ್ತೆ, ಉಸಿರಾಟ ಸಾಮಾನ್ಯವಾಗಿ ಉಳಿಯುತ್ತೆ, ನೋವೂ ಕಮ್ಮಿ. ಆದ್ರೆ ಜೊಲ್ಲು ಜಾಸ್ತಿ, ಏಳುವಾಗ ಕೆಲವ್ರು ಭ್ರಮೆ ಬಂದು ಕಿರುಚ್ತಾರೆ, ಆಗ ಲೈಟ್ ಕಮ್ಮಿ ಮಾಡಿ ಪಕ್ಕದಲ್ಲೇ ನಿಂತು ಮೆತ್ತಗೆ ಮಾತಾಡಿಸ್ಬೇಕು. ತುಂಬಾ ಹೊತ್ತು ಶಾಕಲ್ಲಿ (ಅಂಗಾಂಗಗಳಿಗೆ ರಕ್ತ ಸಾಲದ ಸ್ಥಿತಿ) ಇದ್ದೋರಿಗೆ ಕೆಟಮಿನಲ್ಲೂ ಬಿಪಿ ಬೀಳ್ಬೋದು, ಅದನ್ನ ನಂಬ್ಕೊಂಡು ಕೂರ್ಬೇಡಿ. ಎಟೊಮಿಡೇಟ್ ಅನ್ನೋ ಇನ್ನೊಂದು ಅರಿವಳಿಕೆ ಔಷಧಿಯಲ್ಲೂ ಬಿಪಿ ಅಷ್ಟು ಅಲುಗಲ್ಲ, ಆದ್ರೆ ಒಂದೇ ಡೋಸ್ ಒತ್ತಡ ತಡ್ಕೊಳ್ಳೋಕೆ ಬೇಕಾದ ಕಾರ್ಟಿಸಾಲ್ ಹಾರ್ಮೋನ್ ತಯಾರಿಕೆನ ಗಂಟೆಗಟ್ಲೆ ತಡೆಯುತ್ತೆ, ಪಂಪಲ್ಲಿ ಓಡಿಸೋ ಔಷಧಿ ಅಲ್ಲ.

ಓಟಿ ಸ್ಟೂಡೆಂಟ್:
ಈಗ ಅರ್ಥ ಆಯ್ತು, ಥ್ಯಾಂಕ್ಸ್ ಸರ್, ಥ್ಯಾಂಕ್ಸ್ ಸಿಸ್ಟರ್. ಪಂಪ್ ಓಡ್ತಿರುವಾಗ ನಾವು ಏನು ನೋಡ್ಕೋಬೇಕು?

ಅರಿವಳಿಕೆ ಡಾಕ್ಟರ್:
ಕ್ಯಾನುಲಾ, ಅಂದ್ರೆ ರಕ್ತನಾಳಕ್ಕೆ ಹಾಕಿರೋ ಸಣ್ಣ ಕೊಳವೆ. ಉಸಿರಲ್ಲಿ ಕೊಡೋ ಅರಿವಳಿಕೆ ಗ್ಯಾಸ್ ಆದ್ರೆ ಉಸಿರಲ್ಲಿ ಎಷ್ಟಿದೆ ಅಂತ ಮಾನಿಟರ್ ತೋರಿಸುತ್ತೆ, ರಕ್ತದಲ್ಲಿರೋ ಪ್ರೊಪೊಫಾಲನ್ನ ಹಾಗೆ ತೋರಿಸೋ ಮೀಟರ್ ಓಟಿಯಲ್ಲಿ ಸಾಮಾನ್ಯವಾಗಿ ಇರಲ್ಲ. ಲೈನ್ ಕಳಚ್ಕೊಂಡು ಔಷಧಿ ಬಟ್ಟೆ ಮೇಲೆ ಸುರೀತಿದ್ರೂ ಪಂಪ್ ಆರಾಮಾಗಿ ಓಡ್ತಾನೇ ಇರುತ್ತೆ, ಮಸಲ್ ರಿಲ್ಯಾಕ್ಸೆಂಟ್ ಕೊಟ್ಟಿದ್ರೆ ಪೇಷೆಂಟ್‌ಗೆ ಎಚ್ಚರ ಆದ್ರೂ ಬೆರಳು ಅಲ್ಲಾಡ್ಸೋಕಾಗಲ್ಲ. ಅದಕ್ಕೇ ಆದಷ್ಟೂ ಕ್ಯಾನುಲಾ ಇರೋ ಕೈನ ಡ್ರೇಪ್ (ಆಪರೇಷನ್ ಹೊದಿಕೆ) ಅಡಿ ಮುಚ್ಚಬೇಡಿ, ಮೆದುಳಿನ ಅಲೆ ನೋಡಿ ಅರಿವಳಿಕೆ ಎಷ್ಟು ಆಳ ಇದೆ ಅಂತ ಅಂದಾಜು ತೋರಿಸೋ ಬಿಐಎಸ್ ಮಾನಿಟರ್ ಇದ್ರೆ ಹಾಕಿ, ಸಿರಿಂಜ್ ಖಾಲಿ ಆಗೋ ಮುಂಚೆ ಇನ್ನೊಂದು ತುಂಬಿ ರೆಡಿ ಇಟ್ಕೊಳ್ಳಿ.