ಎಲ್‌ಎಲ್‌ಎಂ (ಕಾನೂನಿನ ಸ್ನಾತಕೋತ್ತರ ಪದವಿ): ಗ್ರಾಹಕ ಕಾನೂನಿನ ಜೊತೆ ಸ್ಪರ್ಧಾ ಕಾನೂನೂ ಓದಬೇಕಾ?

ತೀರ್ಥಹಳ್ಳಿ_ಮಗಳು:
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಎಲ್‌ಎಲ್‌ಬಿ ಮುಗಿಸಿದ್ದೇನೆ. ಎರಡು ವರ್ಷದ ಹಿಂದೆ ಅಪ್ಪ ಅಡಿಕೆ ಸುಲಿಯುವ ಮಷಿನ್ ತಂದರು. ಕೊಯ್ಲಿನ ನಡುವೆ, ಮೂರೇ ವಾರಕ್ಕೆ ಕೆಟ್ಟು ನಿಂತಿತು. ಹಸಿ ಅಡಿಕೆ ಕಾಯುತ್ತದಾ? ಅಮ್ಮ, ಚಿಕ್ಕಮ್ಮ, ನಾನು ರಾತ್ರಿಯೆಲ್ಲ ಮೆಟ್ಟುಗತ್ತಿ ಮುಂದೆ ಕೂತೆವು. ಅಂಗಡಿಯವರು, "ನೀವು ಗ್ರಾಹಕರೇ ಅಲ್ಲ, ವ್ಯಾಪಾರಕ್ಕೆ ಕೊಂಡಿದ್ದೀರಿ" ಅಂದರು. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆ ಕೊಂಡವರೂ ಗ್ರಾಹಕರೇ ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೇ ಇದೆ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಕೊಟ್ಟೆವು, ದುಡ್ಡು ವಾಪಸ್ ಬಂತು. ಅವತ್ತೇ ಇದನ್ನೇ ಓದಬೇಕು ಅನ್ನಿಸಿತು.

ಆದರೆ ನಾನು ನೋಡಿದ ಕೋರ್ಸಿನಲ್ಲಿ ಸ್ಪರ್ಧಾ ಕಾನೂನೂ ಇದೆ, ಅಂದರೆ ಕಂಪನಿಗಳು ಕೂಡಿಕೊಂಡು ಬೆಲೆ ಏರಿಸುವಂಥದ್ದನ್ನು ತಡೆಯುವ ಕಾನೂನು. ಅದಕ್ಕೆ ಅರ್ಥಶಾಸ್ತ್ರ ಬೇಕಂತೆ. ಪಿಯುಸಿಯಲ್ಲಿ ನನ್ನದು ವಿಜ್ಞಾನ. ದೊಡ್ಡ ಕಂಪನಿಗಳ ಜಗಳ ಓದಿ ನಮ್ಮೂರಿಗೆ ಏನು ಪ್ರಯೋಜನ?

ಸಾಗರದ_ವಕೀಲ:
ತಂಗಿ, ದಯವಿಟ್ಟು ಅದನ್ನು ಬಿಡಬೇಡ. ನಾನೂ ಹಾಗೇ ಅಂದುಕೊಂಡಿದ್ದೆ. ಎಕ್ಸೆಲ್ ಕ್ರಾಪ್ ಕೇರ್ ತೀರ್ಪು ಓದಿದ ಮೇಲೆ ಮನಸ್ಸು ಬದಲಾಯಿತು. ಗೋದಾಮಿನ ಧಾನ್ಯಕ್ಕೆ ಹುಳ ಬೀಳದಂತೆ ಇಡುವ ಮಾತ್ರೆಗೆ ಭಾರತೀಯ ಆಹಾರ ನಿಗಮ 2009ರಲ್ಲಿ ಟೆಂಡರ್ ಕರೆಯಿತು. ಎಕ್ಸೆಲ್ ಸೇರಿ ಮೂರು ಕಂಪನಿಗಳು ಕೊಟ್ಟ ದರ ಒಂದೇ: ಕಿಲೋಗೆ 388 ರೂಪಾಯಿ! ಕೂಡಿ ದರ ಹಾಕಿದ್ದಾರೆ ಅಂತ ಸ್ಪರ್ಧಾ ಆಯೋಗ ದಂಡ ಹಾಕಿತು. 2017ರಲ್ಲಿ ಸುಪ್ರೀಂ ಕೋರ್ಟ್ ತಪ್ಪನ್ನು ಎತ್ತಿಹಿಡಿಯಿತು. ಆದರೆ ದಂಡವನ್ನು ಆ ಮಾತ್ರೆಯ ವಹಿವಾಟಿನ ಮೇಲೆ ಮಾತ್ರ ಲೆಕ್ಕ ಹಾಕಿ ಅಂದಿತು. 2023ರಲ್ಲಿ ಸ್ಪರ್ಧಾ ಕಾಯ್ದೆಗೆ ತಿದ್ದುಪಡಿ ಬಂದು ಈಗ ದಂಡದ ಗರಿಷ್ಠ ಮಿತಿಗೆ ಕಂಪನಿಯ ಜಗತ್ತಿನೆಲ್ಲೆಡೆಯ ವಹಿವಾಟು ಲೆಕ್ಕಕ್ಕೆ ಬರುತ್ತದೆ. ಒಂದು ತೀರ್ಪು ಹಿಡಿದು ಹೊರಟರೆ ಇಷ್ಟು ಸಿಗುತ್ತದೆ, ನೋಡು.

ಅರ್ಥಶಾಸ್ತ್ರಕ್ಕೆ ಹೆದರಬೇಡ. ಬೆಲೆ ಸ್ವಲ್ಪ ಏರಿಸಿದರೆ ಗಿರಾಕಿ ಬೇರೆ ಏನು ಕೊಳ್ಳುತ್ತಾನೆ? ಎಲ್ಲಿಗೆ ಹೋಗುತ್ತಾನೆ? ಮಾರುಕಟ್ಟೆಯ ಗಡಿ, ಅಂದರೆ ಯಾವ ಸರಕಿಗೆ ಯಾವುದು ಪೈಪೋಟಿ ಅಂತ, ಗುರುತಿಸುವುದು ಹೆಚ್ಚಾಗಿ ಇದೇ ಪ್ರಶ್ನೆಯಿಂದ. ಸಂತೆಗೆ ಹೋಗಿ ಬಂದವರಿಗೆ ಇದು ಅರ್ಥವಾಗುತ್ತದೆ. ಲೆಕ್ಕದ ಭಾಗ ನನಗೂ ಕಷ್ಟವಾಯಿತು. ಒಂದು ತಿಂಗಳು ಪಟ್ಟು ಹಿಡಿದು ಕೂತೆ, ಬಂತು.

ವ್ಯತ್ಯಾಸ ಒಂದು ನೆನಪಿರಲಿ. ಸ್ಪರ್ಧಾ ಆಯೋಗ ದಂಡ ಹಾಕುತ್ತದೆ, ನಿನಗೆ ಪರಿಹಾರ ಕೊಡುವುದಿಲ್ಲ. ಗ್ರಾಹಕರ ಆಯೋಗ ನಿನ್ನಪ್ಪನ ಕೈಗೆ ದುಡ್ಡು ಕೊಡಿಸುತ್ತದೆ. ಒಬ್ಬ ರೈತನಿಗೆ ಆದ ನಷ್ಟಕ್ಕೆ ಒಂದು, ಎಲ್ಲರಿಗೂ ಬೆಲೆ ಏರಿಸುವ ಒಪ್ಪಂದಕ್ಕೆ ಇನ್ನೊಂದು. ಒಂದನ್ನೇ ಓದಿದರೆ ಅರ್ಧ ಓದಿದ ಹಾಗೆ ಅಲ್ವಾ?

ಹೊಸನಗರ_ಅಕ್ಕ:
ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಬೇಕಾದರೆ ಕ್ಲಾಟ್ ಪಿಜಿ ಬರಿ, ಅದು ಅಲ್ಲಿನ ಎಲ್‌ಎಲ್‌ಎಂಗೆ ಪ್ರವೇಶ ಪರೀಕ್ಷೆ. ಒಂದೇ ವರ್ಷದ ಕೋರ್ಸ್, ಓದು ಜಾಸ್ತಿ. ಅಷ್ಟರೊಳಗೆ ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ಮತ್ತು ಮಧುಸೂದನ್ ರೆಡ್ಡಿ, 2012ರ ತೀರ್ಪು ಓದು. ಬೀಜ ಕೊಂಡ ರೈತ ಗ್ರಾಹಕನೇ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಅದರಲ್ಲೇ.

ತೀರ್ಥಹಳ್ಳಿ_ಮಗಳು:
ಅಣ್ಣ, ಅಕ್ಕ, ತುಂಬಾ ಥ್ಯಾಂಕ್ಸ್. ಕ್ಲಾಟ್ ಅರ್ಜಿ ಹಾಕುತ್ತೇನೆ. ಬೀಜದ ತೀರ್ಪನ್ನು ಇವತ್ತು ರಾತ್ರಿ ಅಪ್ಪನಿಗೆ ಓದಿ ಹೇಳುತ್ತೇನೆ.